ಅಟ್ಟದಿಂದ ಇಳಿದ ಹಂಡೆಗಳು

ನ್ಯಾಮತಿಯ ಸುತ್ತಮುತ್ತ ಮದುವೆ ಗೊತ್ತಾದರೆ, ಸ್ವಾಮಿಗಳ ಹತ್ತಿರ ಮುಹೂರ್ತ ಕೇಳಿಕೊಂಡು ಬರುವವರು ಹಾಗೇ ಶಿವಗಂಗಮ್ಮನ ಮನೆಗೂ ಹೋಗಿ ಬರುತ್ತಿದ್ದರು. ದಿನ ಹೇಳಿ ಎಲೆ ಅಡಿಕೆ ಕೊಡುತ್ತಿದ್ದರು. ಆಕೆ ಅದನ್ನು ಕಣ್ಣಿಗೊತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳೆಂದರೆ ಮಾತು ಮುಗಿಯಿತು. ಹೇಳಿದ ದಿನ ಬೆಳಕು ಹರಿಯುವ ಮೊದಲೇ ಕೊಪ್ಪರಿಗೆ, ಹಂಡೆ, ಪರಾತಗಳು ಚಪ್ಪರದ ಹಿಂದೆ ಬಂದಿಳಿಯುತ್ತಿದ್ದವು.

ಪಾತ್ರೆ ಬಾಡಿಗೆಗೆ ಕೊಡುವ ಈ ಕೆಲಸವನ್ನು ಆಕೆ ಪಕ್ಕದ ಮನೆಯ ಕಸ್ತೂರಮ್ಮನ ಜೊತೆ ಪಾಲಿನಲ್ಲಿ ಶುರು ಮಾಡಿದ್ದಳು. ಪಾತ್ರೆ ಸಾಗಿಸಲು ಶಿವಗಂಗಮ್ಮನ ಗಂಡ ಬಸವರಾಜಪ್ಪನ ಎತ್ತಿನ ಗಾಡಿ ಇತ್ತು. ಬಂದ ಬಾಡಿಗೆಯನ್ನು ಗೆಳತಿಯರು ಹೊನ್ನಾಳಿಯ ಬ್ಯಾಂಕಿನಲ್ಲಿ ಇಬ್ಬರ ಹೆಸರಿಗೂ ಕಟ್ಟುತ್ತಿದ್ದರು. ಖಾತೆ ತೆರೆದ ದಿನ ಗುಮಾಸ್ತರು, "ದುಡ್ಡು ತೆಗೀಬೇಕಾದ್ರೆ ಇಬ್ರೂ ರುಜು ಹಾಕಬೇಕೋ, ಒಬ್ರು ಹಾಕಿದ್ರೆ ಸಾಕೋ?" ಎಂದು ಕೇಳಿದ್ದರು.

"ಒಬ್ರೇ ಸಾಕು ಬಿಡ್ರೀ. ನಾನು ಪಾತ್ರೆ ತಿಕ್ಕಂತ ಕುಂತಿದ್ರೆ ಇವಳಾದ್ರೂ ಬಂದು ತಗಂಡು ಹೋಗ್ಲಿ" ಎಂದವಳು ಶಿವಗಂಗಮ್ಮನೇ.

ಎಪ್ಪತ್ತೆಂಟರ ವೈಶಾಖದಲ್ಲಿ ಒಂದೇ ಮುಹೂರ್ತಕ್ಕೆ ಎರಡು ಮದುವೆಗಳು ಬಂದವು. ಒಂದು ಚನ್ನಗಿರಿ ಕಡೆಯದು, ಇನ್ನೊಂದು ಊರಿನ ಮುರುಗೇಶಪ್ಪನ ಮಗಳದು. ಇದ್ದ ಪಾತ್ರೆ ಒಂದು ಮದುವೆಗಷ್ಟೇ ಸಾಲುತ್ತಿತ್ತು. ಬ್ಯಾಂಕಿನಲ್ಲಿ ಕೂಡಿಟ್ಟದ್ದು ಇನ್ನೊಂದು ಸೆಟ್ಟಿಗೆ ಸಾಕು ಎಂಬ ಧೈರ್ಯದಲ್ಲಿ ಶಿವಗಂಗಮ್ಮ ಇಬ್ಬರಿಂದಲೂ ಎಲೆ ಅಡಿಕೆ ತೆಗೆದುಕೊಂಡಳು. ಮದುವೆಗೆ ಎಂಟು ದಿನ ಇದ್ದಾಗ ಹೊನ್ನಾಳಿಗೆ ಹೋದಳು.

ಗುಮಾಸ್ತರು ಪುಸ್ತಕ ನೋಡಿ ತಲೆ ಎತ್ತಿದರು. "ಏನಮ್ಮ, ಕಸ್ತೂರಮ್ಮೋರು ಹೋದ ವಾರನೇ ಬಂದು ಎಲ್ಲಾ ತೆಗೆದ್ರಲ್ಲ. ನಿಮಗೆ ಹೇಳಿಲ್ವಾ?"

ಬಸ್ಸಿನಲ್ಲಿ ಬರುವಾಗ ಆಕೆ ಅಳಲಿಲ್ಲ. ಸೆರಗಿನ ಗಂಟನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮುರುಗೇಶಪ್ಪ ಕೊಟ್ಟ ಎಲೆ ಒಣಗಿ ಪುಡಿಯಾಗಿತ್ತು, ಅಡಿಕೆ ಹಾಗೇ ಇತ್ತು.

ಕಸ್ತೂರಮ್ಮ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಅಕ್ಕಾ, ಜಗಳೂರಿಂದ ನಮ್ಮಣ್ಣ ನಾಗೇಂದ್ರಪ್ಪ ಬಂದಿದ್ದ. ಲಾರಿ ತಗಂತೀನಿ, ತಿಂಗಳೊಳಗೆ ತಂದು ಕೊಡ್ತೀನಿ ಅಂದ. ಒಡಹುಟ್ಟಿದೋನು, ಹೆಂಗೆ ಇಲ್ಲ ಅನ್ಲಿ?"

"ನನ್ನ ಒಂದು ಮಾತು ಕೇಳಾಕೆ ಏನಾಗಿತ್ತು? ನಡುವೆ ಇರಾದು ಒಂದು ಗೋಡೆ."

"ಕೇಳಿದ್ರೆ ನೀನು ಬ್ಯಾಡ ಅಂತಿದ್ದೆ."

ಶಿವಗಂಗಮ್ಮ ತಿರುಗಿ ತನ್ನ ಮನೆಗೆ ನಡೆದಳು. ಒಳಗೆ ಹೋಗಿ ಕೈಕಾಲು ತೊಳೆದು, ವಿಭೂತಿ ಧರಿಸಿ, ಪೂಜೆಗೆ ಕುಳಿತಳು. ಎದ್ದಾಗ ಮನಸ್ಸು ಒಂದು ಕಡೆ ನಿಂತಿತ್ತು. "ಹೋಗಿ ಎಲೆ ಅಡಿಕೆ ವಾಪಸ್ ಕೊಟ್ಟು ಬರಾನ" ಎಂದ ಗಂಡನಿಗೆ, "ತಗಂಡಿದ್ದು ನಾನು, ವಾಪಸ್ ಕೊಡಾಕಲ್ಲ ತಗಂಡಿದ್ದು" ಎಂದಳು.

ಮರುದಿನ ಅಟ್ಟದ ಮೇಲಿದ್ದ ತನ್ನ ತವರಿನ ಹಂಡೆಯನ್ನು ಇಳಿಸಿದಳು. ಮಾರಿದರೆ ಬಾಡಿಗೆಗೆ ಬೇರೆ ಊರಿನಿಂದಲಾದರೂ ಪಾತ್ರೆ ತರಬಹುದು ಎಂಬ ಯೋಚನೆ. ಅಪ್ಪನ ಹೆಸರು ಕೊರೆಸಿದ್ದ ಹಂಡೆ. ಹಿತ್ತಲಲ್ಲಿ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದಾಗ ಇನ್ನೊಂದು ಪಕ್ಕದ ಮನೆಯ ದ್ಯಾಮಮ್ಮ ಗೋಡೆಯ ಮೇಲಿಂದ ಇಣುಕಿದಳು.

"ಎಷ್ಟು ಚೆಂದ ಐತವ್ವ! ನನ್ನ ಕೊಪ್ಪರಿಗೆನೂ ಹಿಂಗೇ ಇತ್ತು. ಮದುವೆ ಆದಾಗಿಂದ ಅಟ್ಟದ ಮ್ಯಾಲೆ ಮಸಿ ಹಿಡೀತಾ ಕುಂತೈತೆ."

ತಿಕ್ಕುತ್ತಿದ್ದ ಕೈ ನಿಂತಿತು. "ದ್ಯಾಮಮ್ಮ, ಅದನ್ನ ಇಳಿಸ್ತೀಯಾ?"

ಅಂದು ಸಂಜೆಯಿಂದ ಶಿವಗಂಗಮ್ಮ ಬೀದಿಯ ಒಂದೊಂದು ಮನೆಯ ಹೊಸಿಲಲ್ಲೂ ನಿಂತಳು. ಹಾಗೇ ಕೊಡಿ ಎಂದು ಯಾರನ್ನೂ ಕೇಳಲಿಲ್ಲ. ಒಂದು ದಿನಕ್ಕೆ ಪಾತ್ರೆ ಕೊಡಿ, ತಗ್ಗು ಬೀಳದ ಹಾಗೆ ನೋಡಿಕೊಳ್ಳುತ್ತೇನೆ, ಕಲಾಯಿ ನನ್ನ ಖರ್ಚು, ಬಾಡಿಗೆ ನಿಮ್ಮದು ಎಂದಳು. ಕೆಲವರು ಆಗಲೇ ಏಣಿ ಹಾಕಿದರು. ಮೂಲೆಮನೆಯ ಅಜ್ಜಮ್ಮ ಮಾತ್ರ ಬಾಯಿ ಮಾಡಿದಳು.

"ಅಲ್ಲವ್ವ, ತವರಿನ ಹಂಡೆನ ಬಾಡಿಗೆಗೆ ಬಿಡಾದೂ ಒಂದೇ, ನಮ್ಮಪ್ಪನ್ನ ಬಾಡಿಗೆಗೆ ಬಿಡಾದೂ ಒಂದೇ!"

"ನಿಮ್ಮಪ್ಪ ಅಟ್ಟದ ಮ್ಯಾಲೆ ಜೇಡರ ಹುಳದ ಜೊತೆ ಕುಂತು ಎಷ್ಟು ವರ್ಷ ಆಯ್ತು ಅಜ್ಜಮ್ಮ? ಒಂದು ದಿನ ಮದುವೆಗೆ ಕಳಿಸು, ನಾಲ್ಕು ಜನದ ಮುಖ ನೋಡ್ಕಂಡು ಬರ್ಲಿ."

ಅಜ್ಜಮ್ಮನಿಗೆ ನಗು ತಡೆಯಲಾಗಲಿಲ್ಲ. "ತಗಂಡು ಹೋಗು ಮಾರಾಯ್ತಿ. ಒಂದು ಗೀರು ಬಿತ್ತೋ, ನಿನ್ನ ಮನೆ ಮುಂದೆ ಕುಂತು ಅಳ್ತೀನಿ."

ಹಳೆಯ ಸೆಟ್ಟು ಚನ್ನಗಿರಿ ಕಡೆಯ ಮದುವೆಗೆ ಹೋಯಿತು. ಮದುವೆಯ ಹಿಂದಿನ ದಿನ ಮುರುಗೇಶಪ್ಪನ ಚಪ್ಪರದ ಹಿಂದೆ ಗಾಡಿಯಿಂದ ಇಳಿದ ಪಾತ್ರೆಗಳನ್ನು ನೋಡಿ ಅಡುಗೆಯ ತಿಪ್ಪೇರುದ್ರಸ್ವಾಮಿ ಸೊಂಟದ ಮೇಲೆ ಕೈ ಇಟ್ಟ. ಎರಡು ಪಾತ್ರೆ ಒಂದರಂತಿರಲಿಲ್ಲ. ತಾಮ್ರ, ಹಿತ್ತಾಳೆ, ದುಂಡನೆಯವು, ಅಗಲದವು. ದೊಡ್ಡವು ನಾಲ್ಕೈದು ಮಾತ್ರ.

"ಇದೇನ್ರೀ ಅಕ್ಕಾ, ಮದುವೆ ಅಡುಗೆನೋ, ಗೊಂಬೆ ಆಟಾನೋ?"

"ಪಾತ್ರೆ ಸಣ್ಣವು, ಒಲೆ ಜಾಸ್ತಿ ಹೂಡು. ಮಣ್ಣು ನಾನು ಹೊರ್ತೀನಿ."

ನಿಜವಾಗಿಯೂ ಹೊತ್ತಳು. ಕಸ್ತೂರಮ್ಮನ ವಿಷಯ ಅಷ್ಟು ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು. ಮುರುಗೇಶಪ್ಪ ಬಂದು ಸಾಲು ಒಲೆಗಳನ್ನೂ ಅವುಗಳ ಮೇಲೆ ಫಳಫಳ ಹೊಳೆಯುವ ಪಾತ್ರೆಗಳನ್ನೂ ನೋಡುತ್ತ ನಿಂತ. ಒಂದು ಕೊಪ್ಪರಿಗೆಯ ಕಂಠದಲ್ಲಿ ತನ್ನ ಅತ್ತಿಗೆಯ ತವರಿನವರ ಹೆಸರು ಕಂಡಿತು. "ಇದು ನಮ್ಮ ಬೀದಿ ಮದುವೆ ಆಯ್ತಲ್ಲಮ್ಮ" ಎಂದ. ಊಟಕ್ಕೆ ಯಾವುದೂ ಕಡಿಮೆ ಬೀಳಲಿಲ್ಲ.

ಮಾರನೆಯ ದಿನ ಪಾತ್ರೆಗಳು ಬೆಳಗಿಸಿಕೊಂಡು ಅವರವರ ಮನೆಗೆ ಹೋದವು, ಒಳಗೆ ಬಾಡಿಗೆಯ ದುಡ್ಡೂ ಒಂದು ಹಿಡಿ ಅಕ್ಷತೆಯೂ ಇತ್ತು. ಅಜ್ಜಮ್ಮ ಹಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿ, ದುಡ್ಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಮುಂದಿನ ಮುಹೂರ್ತ ಯಾವಾಗಂತೆ?" ಎಂದಳು.

ಅಲ್ಲಿಂದ ಶಿವಗಂಗಮ್ಮ ಹೊಸ ಸೆಟ್ಟಿನ ಆಸೆಯನ್ನೇ ಬಿಟ್ಟಳು. ಹಳೆಯ ಸೆಟ್ಟನ್ನು ಕಸ್ತೂರಮ್ಮನ ಜೊತೆ ಸಮನಾಗಿ ಪಾಲು ಮಾಡಿಕೊಂಡು ವ್ಯವಹಾರ ಮುರಿದಳು. ಬೀದಿಯ ಅಟ್ಟಗಳಲ್ಲಿ ಇದ್ದದ್ದೆಲ್ಲ ಒಂದೊಂದಾಗಿ ಕೆಳಗಿಳಿಯಿತು. ಪಾತ್ರೆಯ ಬಾಡಿಗೆ ಆಯಾ ಮನೆಯವರಿಗೆ, ಸಾಗಿಸಿ ಬೆಳಗಿದ್ದಕ್ಕೆ ಮದುವೆಯವರು ಕೊಡುತ್ತಿದ್ದದ್ದು ಆಕೆಗೆ. ಕಳೆದುಕೊಂಡದ್ದೆಲ್ಲ ನಿಧಾನವಾಗಿ ಕೂಡಿ ಬಂತು. ಎರಡು ವರ್ಷದ ಮೇಲೆ ಅದೇ ಬ್ಯಾಂಕಿಗೆ ಹೋಗಿ ಹೊಸ ಖಾತೆ ತೆರೆದಳು.

"ಯಜಮಾನ್ರ ಹೆಸರೂ ಸೇರಿಸ್ಲಾ ಅಮ್ಮ?" ಎಂದರು ಗುಮಾಸ್ತರು.

ಬಸವರಾಜಪ್ಪ ಹೊರಗೆ ಎತ್ತುಗಳಿಗೆ ಹುಲ್ಲು ಹಾಕುತ್ತಿದ್ದ. "ಬ್ಯಾಡ್ರೀ, ಅವರಿಗೆ ಗಾಡಿ ಐತೆ" ಎಂದು ಶಿವಗಂಗಮ್ಮ ರುಜು ಹಾಕಿದಳು.

ನಾಗೇಂದ್ರಪ್ಪನ ಲಾರಿ ಚಕ್ರ ಕಳಚಿಕೊಂಡು ಜಗಳೂರಿನಲ್ಲೇ ನಿಂತುಬಿಟ್ಟಿತು. ಅಣ್ಣನೂ ಈ ಕಡೆ ಬರುವುದನ್ನು ಬಿಟ್ಟ. ಕಸ್ತೂರಮ್ಮ ತನ್ನ ಪಾಲಿನ ಪಾತ್ರೆ ಮಾರಿ ಉಂಡಳು. ಒಂದು ದಿನ ಬೆಳಿಗ್ಗೆ ಆಕೆ ತನ್ನ ತವರಿನ ಹಂಡೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಶಿವಗಂಗಮ್ಮನ ಜಗಲಿಗೆ ತಂದಿಟ್ಟಳು.

"ಇದನ್ನೂ ಸೇರಿಸ್ಕೋ ಅಕ್ಕಾ. ಬಾಡಿಗೆ ನನಗೆ ಬ್ಯಾಡ, ಹಳೇ ಬಾಕಿಗೆ ಮುರ್ಕೋ."

ಶಿವಗಂಗಮ್ಮ ಹಂಡೆಯನ್ನು ಬೆರಳಿನಿಂದ ತಟ್ಟಿ ನೋಡಿದಳು. "ಹಂಡೆ ದುಡಿದಿದ್ದು ಹಂಡೆ ಬಂದ ಮನೆಗೇ ಹೋಗ್ತೈತೆ, ಎಲ್ರಿಗೂ ಹಂಗೇ. ನೀನು ಕೊಡಬೇಕಾದ್ದನ್ನ ನಿನ್ನ ಕೈಯಾರೆ ತಂದು ಕೊಡು. ಆದಾಗ ಆದಷ್ಟು."

ಕಸ್ತೂರಮ್ಮ ಹಾಗೇ ತಂದು ಕೊಟ್ಟಳು. ಎಷ್ಟೋ ಸಲ ಅದು ಬಾಡಿಗೆಯ ದುಡ್ಡೇ, ಬೆಳಿಗ್ಗೆ ಶಿವಗಂಗಮ್ಮನ ಬಾಗಿಲಿಂದ ಹೋಗಿ ಮಧ್ಯಾಹ್ನಕ್ಕೆ ಅದೇ ಬಾಗಿಲಿಗೆ ಬರುತ್ತಿತ್ತು. ಕೊನೆಯ ಕಂತು ಕೊಟ್ಟ ದಿನ ಶಿವಗಂಗಮ್ಮ ಅವಳನ್ನು ಕೂರಿಸಿ ಉಡಿ ತುಂಬಿ ಕಳಿಸಿದಳು. ಪಾಲುದಾರಿಕೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಎಂಬತ್ತಾರರಲ್ಲಿ ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಮಗನ ಮದುವೆಗೆ ಪಾತ್ರೆ ಕೇಳಿಕೊಂಡು ಬಂದರು. ಅಂಗಳ ನೋಡಿದರು, ಕೊಟ್ಟಿಗೆ ನೋಡಿದರು. ಆಕೆಯ ಪಾಲಿನ ಸೆಟ್ಟು ಬೇರೊಂದು ಮದುವೆಗೆ ಹೋಗಿತ್ತು, ಒಂದು ಹಂಡೆ, ಎರಡು ಕೊಡ ಬಿಟ್ಟರೆ ಬೇರೇನೂ ಇರಲಿಲ್ಲ. ತಟ್ಟೆಯಲ್ಲಿದ್ದ ಎಲೆ ಅಡಿಕೆ ಅವರ ಕೈಯಲ್ಲೇ ಉಳಿಯಿತು.

"ಅಲ್ಲಮ್ಮ, ದೊಡ್ಡ ಮದುವೆ. ಪಾತ್ರೆ ಎಲ್ಲಿ ಅದಾವೆ?"

ಶಿವಗಂಗಮ್ಮ ಉತ್ತರ ಹೇಳುವ ಮೊದಲೇ ಪಕ್ಕದ ಜಗಲಿಯಿಂದ ಕಸ್ತೂರಮ್ಮನ ದನಿ ಬಂತು.

"ಕೊಟ್ಟು ಹೋಗ್ರಿ ಸಾಹುಕಾರ್ರೇ. ಅವಳು ಎಲೆ ಅಡಿಕೆ ತಗಂಡ್ಳು ಅಂದ್ರೆ ಬರ್ತಾವೆ."

ಶಿವಗಂಗಮ್ಮ ಆ ಕಡೆ ಒಮ್ಮೆ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಎಲೆ ಅಡಿಕೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಸೆರಗಿನ ತುದಿಗೆ ಗಂಟು ಹಾಕಿದಳು.