ಪ್ರಿಯನ್ ಮರೆತ ಪದಗಳು

ಅಬುಧಾಬಿಯಲ್ಲಿ ಹುಟ್ಟಿ ಬೆಳೆದ ಹುಡುಗನೊಬ್ಬ ಐಸ್ ಮೇಲೆ ಹಾಕಿ ಆಡಿ ಹೊಟ್ಟೆ ಹೊರೆಯುತ್ತಾನೆ ಎಂದರೆ ಶಿರ್ವದಲ್ಲಿರುವ ಅವನ ಸೋದರತ್ತೆಯರು ಇವತ್ತಿಗೂ ನಂಬುವುದಿಲ್ಲ. ಅಲ್ಲಿ ಕುಡಿಯುವ ನೀರನ್ನೇ ಸಮುದ್ರದಿಂದ ಮಾಡುವುದಂತೆ, ಇನ್ನು ಆಡಲಿಕ್ಕೆ ಐಸ್ ಎಲ್ಲಿಂದ ತರುತ್ತಾರೆ ಎಂಬುದು ಅವರ ಪ್ರಶ್ನೆ. ಪ್ರಿಯನ್ ಮೊದಲೆಲ್ಲ ಫೋನಿನಲ್ಲಿ ಅದಕ್ಕೆ ತಕ್ಷಣ ಒಂದು ಕೀಟಲೆಯ ಉತ್ತರ ಕೊಡುತ್ತಿದ್ದ. ಈಗ ಉತ್ತರ ಬರುವುದು ತಡ. ಕೆಲವೊಮ್ಮೆ ಬರುವುದೇ ಇಲ್ಲ.

ಅವನನ್ನು ಐಸ್ ಮೇಲೆ ನಿಲ್ಲಿಸಿದ್ದು ಯಾವ ದೊಡ್ಡ ಕನಸೂ ಅಲ್ಲ, ತಾಯಿಯ ಡ್ಯೂಟಿ. ಫೆಲ್ಸಿಬಾಯಿ ಆಸ್ಪತ್ರೆಯಲ್ಲಿ ನರ್ಸು, ಗಂಡ ರುಡೊಲ್ಫ್ ಹೋಟೆಲೊಂದರ ಲಾಂಡ್ರಿಯಲ್ಲಿ ಸೂಪರ್‌ವೈಸರು. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಫ್ಲ್ಯಾಟಿನಲ್ಲಿ ಇನ್ನೊಂದು ಸಂಸಾರದ ಜೊತೆ ವಾಸ. ಶಾಲೆ ಬಿಟ್ಟ ಮೇಲೆ ಮಗನನ್ನು ಎಲ್ಲಿ ಬಿಡುವುದು? ರಿಂಕಿನಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಾರೆಂದು ಗೊತ್ತಾಯಿತು. ಶೆಕೆಯೂ ಇಲ್ಲ, ಬೀದಿ ಸುತ್ತುವುದೂ ಇಲ್ಲ ಎಂದು ಸ್ವೆಟರ್ ತೊಡಿಸಿ ಬಿಟ್ಟು ಬಂದಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು. ಹುಡುಗ ಹಾಕಿ ಕೋಲು ಹಿಡಿದ, ಉದ್ದಕ್ಕೆ ಬೆಳೆದ, ಎದುರಾಳಿಯನ್ನು ಮೈಯಿಂದ ಗುದ್ದಿ ತಡೆಯುವ ಡಿಫೆಂಡರ್ ಆದ. ಇಪ್ಪತ್ತರ ಆಸುಪಾಸಿನಲ್ಲಿ ಅಬುಧಾಬಿಯ ಕ್ಲಬ್ಬೊಂದು ಅವನಿಗೆ ಸಂಬಳ ಕೊಟ್ಟು ಆಡಿಸಿತು.

ಐಸ್ ಹಾಕಿಯಲ್ಲಿ ಒಂದು ಪದ್ಧತಿ ಉಂಟು. ಸೀಸನ್ ಶುರುವಾಗುವ ಮೊದಲು ಡಾಕ್ಟರ್ ಪ್ರತಿಯೊಬ್ಬ ಆಟಗಾರನ ನೆನಪನ್ನು ಪರೀಕ್ಷಿಸುತ್ತಾರೆ. ಹತ್ತು ಪದ ಓದಿ ಹೇಳುತ್ತಾರೆ, ಬೇರೆ ಏನೇನೋ ಮಾತಾಡಿಸುತ್ತಾರೆ, ಆಮೇಲೆ ಆ ಹತ್ತನ್ನು ತಿರುಗಿ ಹೇಳಿಸುತ್ತಾರೆ. ಮುಂದೆ ತಲೆಗೆ ಪೆಟ್ಟು ಬಿದ್ದರೆ ಅದೇ ಪರೀಕ್ಷೆ ಮತ್ತೆ. ಮೊದಲಿಗಿಂತ ಕಡಿಮೆ ಹೇಳಿದರೆ ಮಿದುಳು ಇನ್ನೂ ಸರಿಯಾಗಿಲ್ಲ ಎಂದರ್ಥ, ಆಟ ಬಂದ್. ಪ್ರಿಯನ್ ಮೊದಲ ವರ್ಷ ಒಂಬತ್ತು ಪದ ಹೇಳಿದ್ದ. ಅವನಿಗೆ ಅದೇನು ಮಹಾ? ಮನೆಯಲ್ಲಿ ಸಂಜೆಯ ಜಪಸರ ಮುಗಿದ ಮೇಲೆ ದೇವಮಾತೆಯ ಬಿರುದುಗಳ ಉದ್ದನೆಯ ಸಾಲನ್ನು ಪುಸ್ತಕ ನೋಡದೆ ಹೇಳಿಕೊಡುತ್ತಿದ್ದವನು ಅವನೇ. ಪ್ರಾಯ ಸಂದ ಹಿರಿಯರು ಕೂಡ ಅವನ ಹಿಂದೆ ಹೋಗಬೇಕಿತ್ತು.

ಆ ವರ್ಷದ ಕೊನೆಗೆ ಒಬ್ಬ ದಡೂತಿ ಆಟಗಾರ ಅವನನ್ನು ರಿಂಕಿನ ಗೋಡೆಗೆ ಅಪ್ಪಳಿಸಿದ. ಡ್ರೆಸ್ಸಿಂಗ್ ರೂಮಿನಲ್ಲಿ ಕೂತವನಿಗೆ ತನ್ನ ಶೂವಿನ ದಾರ ಯಾಕೆ ಕಟ್ಟುವುದೆಂದು ಹೊಳೆಯಲಿಲ್ಲ. ಪರೀಕ್ಷೆಯಲ್ಲಿ ಐದೇ ಪದ ಬಂದವು. ಕ್ಲಬ್ಬು ಕೂರಿಸಿತು, ಕೂರಿಸಿ ಕೂರಿಸಿ ಕಡೆಗೆ ಬಿಟ್ಟೇಬಿಟ್ಟಿತು. ಪೆಟ್ಟು ವಾಸಿಯಾಯಿತು, ಕೆಲಸ ಹೋಯಿತು. ಅಪ್ಪನ ವೀಸಾದಲ್ಲಿ ಇರುವ ಪ್ರಾಯವೂ ದಾಟುತ್ತಾ ಬಂದಿತ್ತು. ಊರಿಗೆ ಹೋಗಿ ಮಾಡುವುದೇನು? ಶಿರ್ವದಲ್ಲಿ ಐಸ್ ಸಿಗುವುದು ಮೀನಿನ ಪೆಟ್ಟಿಗೆಯಲ್ಲಿ ಮಾತ್ರ.

ದುಬೈಯ ಕ್ಲಬ್ಬೊಂದು ಅವನನ್ನು ತೆಗೆದುಕೊಂಡಾಗ ಅಲ್ಲಿನ ಕ್ಯಾಪ್ಟನ್ ಮಾರೆಕ್ ಹೆಗಲ ಮೇಲೆ ಕೈಹಾಕಿ ಬುದ್ಧಿ ಹೇಳಿದ. ಪೆಟ್ಟು ಬಿದ್ದ ಮೇಲೆ ಜಾಣನಾಗಲಿಕ್ಕೆ ಆಗುವುದಿಲ್ಲ ತಮ್ಮಾ, ಅದಕ್ಕೆ ಪೆಟ್ಟು ಬೀಳುವ ಮೊದಲೇ ದಡ್ಡನಾಗು. ಸೀಸನ್ ಮೊದಲಿನ ಪರೀಕ್ಷೆಯಲ್ಲಿ ಐದೇ ಪದ ಹೇಳು. ಆಮೇಲೆ ತಲೆ ಗಿರ್ರೆಂದರೂ ಐದು ಹೇಳಬಹುದು, ಡಾಕ್ಟರ್ ಪಾಸು ಮಾಡುತ್ತಾರೆ. ನಾವೆಲ್ಲ ಮಾಡುವುದು ಹಾಗೆಯೇ.

ಸುಳ್ಳು ಹೇಳಿದರೆ ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಬೇಕು. ಪ್ರಿಯನ್ ಹಾಗೇ ಹೇಳಿದ. ಐದು ಪದ ಒಪ್ಪಿಸಿ, ಹಣೆ ಉಜ್ಜಿಕೊಂಡು, ಉಳಿದ ಐದು ನಾಲಿಗೆಯ ತುದಿಯಲ್ಲಿದ್ದರೂ ನುಂಗಿಕೊಂಡ. "ಶಾಲೆಯಲ್ಲೂ ನಾನು ದಡ್ಡನೇ, ಡಾಕ್ಟರ್" ಎಂದ. ಡಾಕ್ಟರ್ ನಕ್ಕರು. ಅಲ್ಲಿಂದ ಮುಂದೆ ಪ್ರತಿ ಸೀಸನ್ನಿನಲ್ಲೂ ಅದೇ ನಾಟಕ. ನಡುವೆ ಬಿದ್ದ ಪೆಟ್ಟುಗಳ ಲೆಕ್ಕವನ್ನು ಅವನು ಇಡಲಿಲ್ಲ. ಪ್ರತಿ ಸಲವೂ ಐದು ಹೇಳಿದ, ಪ್ರತಿ ಸಲವೂ ಆಡಿದ.

ಮೊದಲು ಬೆಳಕು ಕಣ್ಣಿಗೆ ಚುಚ್ಚತೊಡಗಿತು. ಆಮೇಲೆ ಇಲ್ಲದ ಸಿಟ್ಟು. ಒಂದು ರಜೆಯಲ್ಲಿ ಖಾಲಿದಿಯಾದ ಮನೆಯಲ್ಲಿ ಜಪಸರಕ್ಕೆ ಕೂತಾಗ ಮಾತೆಯ ಬಿರುದುಗಳ ನಡುವೆ ಅವನ ಬಾಯಿ ನಿಂತುಹೋಯಿತು. ಎಲ್ಲರೂ ಕಾದರು. ಮುಂದಿನದು ಬರಲೇ ಇಲ್ಲ. ರುಡೊಲ್ಫ್ ಮೆಲ್ಲನೆ ತಾನೇ ಮುಂದುವರಿಸಿದ.

"ದೃಷ್ಟಿ ತಾಗಿದೆ ಪುತಾ, ಮತ್ತೆಂತದೂ ಇಲ್ಲ" ಎಂದಳು ಫೆಲ್ಸಿಬಾಯಿ. ಅಡುಗೆಮನೆಯ ಹೊಗೆಯ ಅಲಾರಾಂ ಬಡಿಯಬಾರದೆಂದು ಅದಕ್ಕೆ ಸ್ನಾನದ ಟೋಪಿ ತೊಡಿಸಿ, ಉಪ್ಪು ಮೆಣಸು ನಿವಾಳಿಸಿ ಬಾಣಲೆಗೆ ಹಾಕಿದಳು. ಮೆಣಸಿನ ಘಾಟು ಬರಲಿಲ್ಲ. ನೋಡಿ, ಎಷ್ಟು ದೃಷ್ಟಿ ಇತ್ತು ಎಂದಳು. ವಾರ್ಡಿನಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ದಿನಾ ನೋಡುವ ಹೆಂಗಸು ಅವಳು. ಆ ದಿನ ಮಗನ ಕಣ್ಣಿಗೆ ಟಾರ್ಚು ಬಿಟ್ಟು ನೋಡಲಿಲ್ಲ. ನೋಡಿದರೆ ಗೊತ್ತಾಗುತ್ತದಲ್ಲ, ಅದೇ ಅವಳ ಭಯ.

ಅವನು ಮದುವೆಯಾಗಲಿದ್ದ ಸ್ಟೇಸಿಗೆ ಅಂಥ ಭಯ ಇರಲಿಲ್ಲ. ಮೂಡುಬೆಳ್ಳೆ ಕಡೆಯವಳು, ದುಬೈಯ ದೇರಾದಲ್ಲಿ ಟ್ರಾವೆಲ್ ಆಫೀಸಿನಲ್ಲಿ ಕೆಲಸ, ಮಾತು ಖಡಕ್. ಮದುವೆಯ ರೋಸಿಗೆ, ಅಂದರೆ ವಧುವರರಿಗೆ ತೆಂಗಿನ ಹಾಲು ಹಚ್ಚುವ ದಿನಕ್ಕೆ, ಬಟ್ಟೆ ತರಲು ಇಬ್ಬರೂ ಅಲ್ಲಿನ ನೈಫ್ ಪೇಟೆಗೆ ಹೋಗಿದ್ದರು. ಅವಳು ಒಂದು ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಅವನು ಬೀದಿಯ ನಡುವೆ ನಿಂತಿದ್ದ. ಕೈಗಾಡಿಯವರು ಬೈಯುತ್ತಾ ಬಳಸಿಕೊಂಡು ಹೋಗುತ್ತಿದ್ದರು.

"ಎಂತ ಮಾರಾಯ, ಇಲ್ಲಿ ಯಾಕೆ ನಿಂತದ್ದು?"

"ನಾವು ಯಾಕೆ ಬಂದದ್ದು, ಸ್ಟೇಸಿ?" ಎಂದು ಅವನು ಕೇಳಿದ. ಅದು ತಮಾಷೆಯಲ್ಲ ಎಂದು ಅವನ ಮುಖವೇ ಹೇಳುತ್ತಿತ್ತು.

ಚಹಾದಂಗಡಿಯಲ್ಲಿ ಕೂರಿಸಿ ಅವಳು ಎಲ್ಲವನ್ನೂ ಬಾಯಿಬಿಡಿಸಿದಳು. ಐದು ಪದದ ನಾಟಕವನ್ನೂ. ಕೇಳಿ ಮುಗಿಯುವಷ್ಟರಲ್ಲಿ ಅವಳ ಚಹಾ ಆರಿಹೋಯಿತು.

"ಈ ಸಲ ಟೆಸ್ಟು ನಿಯತ್ತಿನಲ್ಲಿ ಮಾಡು. ನೆನಪಿದ್ದದ್ದೆಲ್ಲ ಹೇಳು. ಆಮೇಲೆ ಪೆಟ್ಟು ಬಿದ್ದರೆ ಡಾಕ್ಟರಿಗೆ ಸರಿಯಾಗಿ ಗೊತ್ತಾಗ್ತದೆ, ನಿನ್ನನ್ನು ನಿಲ್ಲಿಸ್ತಾರೆ."

"ನಿಲ್ಲಿಸಿದರೆ ವೀಸಾ ಖಲಾಸ್."

"ಖಲಾಸ್ ಆಗಲಿ. ನನಗೆ ಗಂಡ ಬೇಕು, ವೀಸಾ ನನ್ನತ್ರ ಉಂಟು. ನೀನು ಮಾತು ಕೊಟ್ಟರೆ ಮಾತ್ರ ಇಗರ್ಜಿಯಲ್ಲಿ ಮದುವೆಗೆ ನಮ್ಮ ಹೆಸರು ಓದಿಸುವುದು."

ಅವನು ಮಾತು ಕೊಟ್ಟ. ಕೊಟ್ಟಾಗ ಎದೆ ಹಗುರಾಯಿತು. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದ ಹಾಗೆ ಅನಿಸಿ, ಅವತ್ತು ಬೆಳಕು ಕೂಡ ಅಷ್ಟು ಚುಚ್ಚಲಿಲ್ಲ. ಈ ಸಲ ಒಂಬತ್ತು ಹೇಳಿ ಡಾಕ್ಟರನ್ನು ಬೆಚ್ಚಿಬೀಳಿಸುತ್ತೇನೆ ಎಂದುಕೊಂಡ. ಕೇಳಿದರೆ, ಸುಳ್ಳು ಹೇಳುತ್ತಿದ್ದೆ ಎಂದು ಒಪ್ಪಿಕೊಂಡರಾಯಿತು.

ಪರೀಕ್ಷೆಯ ದಿನ ಡಾಕ್ಟರ್ ಎಂದಿನಂತೆ ನಿಧಾನವಾಗಿ ಓದಿದರು. ಏಣಿ, ಬೆಣ್ಣೆ, ಕುದುರೆ, ಕನ್ನಡಿ, ಮಳೆ... ಪ್ರಿಯನ್ ಒಂದೊಂದನ್ನೂ ಒಳಗೊಳಗೇ ಹೇಳಿಕೊಂಡ. ತಿಂಗಳುಗಳನ್ನು ಹಿಂದುಮುಂದಾಗಿ ಹೇಳಿಸಿದರು, ಒಂಟಿ ಕಾಲಿನಲ್ಲಿ ನಿಲ್ಲಿಸಿದರು. ಆಮೇಲೆ, ಈಗ ಆ ಪದಗಳನ್ನು ಹೇಳು ಎಂದರು.

ಏಣಿ ಬಂತು. ಬೆಣ್ಣೆ, ಕುದುರೆ ಬಂದವು. ಸ್ವಲ್ಪ ತಡೆದು ಮಳೆ ಬಂತು. ತುಂಬ ಹೊತ್ತಾದ ಮೇಲೆ, ಕನ್ನಡಿ. ಮುಂದಿನದಕ್ಕೆ ಅವನು ಕಣ್ಣು ಮುಚ್ಚಿ, ಮುಷ್ಟಿ ಕಟ್ಟಿ ಹುಡುಕಿದ. ಅಲ್ಲಿ ಏನೂ ಇರಲಿಲ್ಲ. ಹಿಂದೆಲ್ಲ ನಾಲಿಗೆಯ ತುದಿಯಲ್ಲಿ ಒತ್ತಿ ಹಿಡಿದಿರುತ್ತಿದ್ದವು. ಈಗ ಒತ್ತಿ ಹಿಡಿಯಲಿಕ್ಕೇ ಏನೂ ಇಲ್ಲ. ಜೀವಮಾನದಲ್ಲಿ ಅವನು ಅಷ್ಟು ಹೆದರಿದ್ದಿಲ್ಲ.

"ಸಾಕು ಸಾಕು, ಕಷ್ಟಪಡಬೇಡ" ಎಂದರು ಡಾಕ್ಟರ್, ಬೆನ್ನು ತಟ್ಟುತ್ತಾ. "ನಿನ್ನದು ಯಾವಾಗಲೂ ಐದೇ ಅಲ್ಲವಾ. ಇಷ್ಟು ವರ್ಷದಲ್ಲಿ ಒಂದು ಚೂರೂ ಬದಲಾಗಿಲ್ಲ. ಈ ತಂಡದಲ್ಲಿ ನಿನ್ನಷ್ಟು ಗಟ್ಟಿ ತಲೆ ಯಾರದ್ದೂ ಇಲ್ಲ, ಪ್ರಿಯನ್."

"ಡಾಕ್ಟರ್, ಮೊದಲೆಲ್ಲ ನಾನು ಬೇಕೆಂದೇ ತಪ್ಪು ಹೇಳುತ್ತಿದ್ದೆ" ಎಂದ ಅವನು.

"ಗೊತ್ತು ಗೊತ್ತು, ಮದುವೆ ಗಂಡು" ಎಂದು ಅವರು ತಮಾಷೆಯೆಂದುಕೊಂಡು ನಕ್ಕು ಮುಂದಿನವನನ್ನು ಕರೆದರು. ಮಾರೆಕ್ ಬಾಗಿಲಲ್ಲಿ ನಿಂತು ಕಣ್ಣು ಹೊಡೆದ. ಪ್ರಿಯನ್ ಇನ್ನೊಂದು ಸಲ ಹೇಳಬಹುದಿತ್ತು. ಗಟ್ಟಿಯಾಗಿ ಹೇಳಬಹುದಿತ್ತು. ಹೇಳಿದರೆ ಆ ಖಾಲಿ ಜಾಗ ನಿಜವಾಗಿಬಿಡುತ್ತದೆ ಎನ್ನಿಸಿ ಎದ್ದು ಹೊರಗೆ ಬಂದ.

ಪಾರ್ಕಿಂಗಿನಲ್ಲಿ ಫೋನ್ ಬಡಿಯಿತು.

"ಡಾಕ್ಟರ್ ಎಂತ ಹೇಳಿದರು?" ಸ್ಟೇಸಿ ಕೇಳಿದಳು.

"ಪಾಸ್. ಗಟ್ಟಿ ತಲೆ ಅಂತೆ."

"ನಿಯತ್ತಿನಲ್ಲಿ ಮಾಡಿದ್ದಾ? ನಾಟಕ ಇಲ್ಲದೆ?"

"ದೇವರಾಣೆ. ನಿಯತ್ತಿನಲ್ಲಿ."

ಆಚೆಯಿಂದ ಮೂಗೆಳೆಯುವ ಸದ್ದು ಕೇಳಿತು. ಅವಳು ಅಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಇಷ್ಟು ದಿನ ಎಷ್ಟು ಹೆದರಿದ್ದೆ ಗೊತ್ತುಂಟಾ ಎಂದು ಅವಳು ಆಮೇಲೆ ಹೇಳಿದಳು. ಈಗ ಧೈರ್ಯ ಬಂತು, ನೀನು ಇನ್ನೂ ಎರಡು ಮೂರು ವರ್ಷ ಆಡು, ನಾನು ಬೇಡ ಹೇಳುವುದಿಲ್ಲ ಎಂದಳು.

ಆದಿತ್ಯವಾರ ಇಗರ್ಜಿಯಲ್ಲಿ, ಇವರು ಮದುವೆಯಾಗಲಿದ್ದಾರೆ ಎಂದು ಸಾರಿ ಇಬ್ಬರ ಹೆಸರನ್ನೂ ಓದಿದರು. ಫೆಲ್ಸಿಬಾಯಿ ಕಣ್ಣೊರೆಸಿಕೊಂಡಳು. ಸಂಜೆ ಮ್ಯಾಚು. ಸ್ಟೇಸಿ ಮುಂದಿನ ಸಾಲಿನಲ್ಲಿ ಕೂತು, ಅವನು ಹೆಲ್ಮೆಟ್ಟಿನ ಪಟ್ಟಿ ಬಿಗಿಯುವುದನ್ನು ನೋಡಿ ಕೈಬೀಸಿದಳು. ಅವನೂ ಕೈಬೀಸಿದ, ಒಂದು ಕ್ಷಣ ತಡವಾಗಿ.