ಉಪ್ಪು ಸವರಿದ ಮರಿ

ಕಾರ್ಖಾನೆಯ ಸೈರನ್ ಊ... ಅಂತ ಎದ್ದು, ನ್ಯೂ ಟೌನ್ ದಾಟಿ ನಮ್ಮ ಹೊಲದ ಮೇಲೆ ಬರುವಷ್ಟರಲ್ಲಿ ನಮ್ಮ ಕರಿ ಮೇಕೆ ಕತ್ತೆತ್ತಿ ಓಗೊಡುತ್ತಿತ್ತು. ದಿನಾ. "ನನಗಿಂತ ಇವಳೇ ಪಂಕ್ಚುಯಲ್" ಅಂತ ಅಪ್ಪ ಸೈಕಲ್ ಹತ್ತೋರು. ಈಗಲೂ ಎಲ್ಲಾದರೂ ಸೈರನ್ ಕೇಳಿದರೆ ನನ್ನ ಕಿವಿ ಆ ಉತ್ತರಕ್ಕೆ ಕಾಯುತ್ತದೆ.

ಐವತ್ತರ ದಶಕದ ಮೊದಲ ವರ್ಷಗಳು. ನಾನು ಶಿವಮೊಗ್ಗದ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಬೇಸಿಗೆ ರಜೆಗೆ ಭದ್ರಾವತಿಗೆ ಬಂದಾಗ ಟ್ರಂಕಿನಲ್ಲಿ ಒಂದು ಬಿಳಿ ಉಲನ್ ಬಾನೆಟ್ ಇತ್ತು, ಕಿವಿ ಮುಚ್ಚುವ ಕೂಸಿನ ಟೋಪಿ. ಚೊಚ್ಚಲ ಹೆರಿಗೆಗೆ ಬಂದಿದ್ದ ಅಕ್ಕನ ಮಗುವಿಗೆ ಅಂತ ನೀಡ್ಲ್‌ವರ್ಕ್ ಕ್ಲಾಸಿನಲ್ಲಿ ನಾನೇ ಹೆಣೆದದ್ದು.

ಮನೆಯೊಳಗೆ ಕಾಲಿಟ್ಟರೆ ಮದುವೆಮನೆಯ ಹಾಗೆ ಮಲ್ಲಿಗೆ ಘಮ. ಹುಟ್ಟಿದ ಮಗು ಅಳಲೇ ಇಲ್ಲವಂತೆ. ಎದೆಗೆ ಮಲ್ಲಿಗೆ ಕಟ್ಟಿದರೆ ಹಾಲು ಹಿಂಗುತ್ತದೆ ಅಂತ ಅಮ್ಮ ಬೆಳಿಗ್ಗೆ ಸಂಜೆ ಮೊಗ್ಗು ತಂದು ಅಕ್ಕನ ಎದೆಗೆ ಬಟ್ಟೆ ಬಿಗಿಯುತ್ತಿದ್ದಳು. ಇನ್ನು ಮಕ್ಕಳಾಗುವುದಿಲ್ಲ ಅಂತ ಲೇಡಿ ಡಾಕ್ಟರ್ ಬೇರೆ ಹೇಳಿಬಿಟ್ಟಿದ್ದರು. ನಾನು ಬಾನೆಟ್ಟನ್ನು ಟ್ರಂಕಿನ ತಳಕ್ಕೆ ತಳ್ಳಿದೆ.

ಅಕ್ಕ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು. ಒಂದು ಮಧ್ಯಾಹ್ನ ಮೇಕೆಗೆ ನೋವು ಶುರುವಾಯಿತು. ಅದರ ನರಳಾಟ ಕೇಳಿ ಅವಳು ಎದ್ದು ಬಂದು, ಕೊಟ್ಟಿಗೆಯ ನೆಲದಲ್ಲಿ ಕೂತು, ಅದರ ತಲೆಯನ್ನು ತೊಡೆಗೆ ಎಳೆದುಕೊಂಡಳು.

"ಒಳಗೆ ನಡಿ, ಬಾಣಂತಿ ಕಣೇ ನೀನು, ಶೀತ ಆಗತ್ತೆ" ಅಂದಳು ಅಮ್ಮ.

"ಮಗು ಇಲ್ಲದ ಬಾಣಂತೀನಾ? ಎಂಥ ಪದವಿ ಕೊಟ್ಟೆ!"

ಅಮ್ಮ ಮೇಕೆಯ ಹಿಂದೆ ಕುಕ್ಕರಿಸಿದಳು.

ಮರಿ ಬಂತು. ಬಂದದ್ದು ಹಾಗೇ ಜೋತುಬಿತ್ತು. ಅಮ್ಮ ಮೂಗಿನ ಲೋಳೆ ತೆಗೆದಳು, ಊದಿದಳು, ಹಿಂಗಾಲು ಹಿಡಿದು ತೂಗಿದಳು. ಏನೂ ಇಲ್ಲ. ಮೇಕೆ ಮಾತ್ರ ಅದನ್ನು ನೆಕ್ಕಿ ನೆಕ್ಕಿ, ಗಂಟಲೊಳಗೇ ಸಣ್ಣಗೆ ಕರೆಯುತ್ತಿತ್ತು. ಅಕ್ಕ ಎರಡೂ ಕಿವಿ ಮುಚ್ಚಿಕೊಂಡಳು.

ಆಗ ಬೇಲಿ ದಾಟಿ ಬಂದವಳು ಪಕ್ಕದ ಹೊಲದ ಖಾಲಾ. ಲಾರಿ ಡ್ರೈವರನ ಹೆಂಡತಿ, ಚಿಕ್ಕಮ್ಮನ ಹಾಗೆ ನಮಗೆಲ್ಲ ಖಾಲಾನೇ. ಸೆರಗಿನಲ್ಲಿ ಒಂದು ಕಂದು ಮರಿ. ಅದರ ತಾಯಿಗೆ ಬೆಳಿಗ್ಗೆ ಹಾವು ಕಚ್ಚಿತ್ತು.

"ಇದಕ್ಕೆ ಅಮ್ಮ ಇಲ್ಲ, ಅದಕ್ಕೆ ಮರಿ ಇಲ್ಲ. ಎರಡನ್ನೂ ಯಾಕ್ರೀ ಅಳಿಸ್ತೀರಿ? ಉಪ್ಪು ತನ್ನಿ!"

ಸತ್ತ ಮರಿಯ ಮೈಮೇಲಿನ ಲೋಳೆಯನ್ನೆಲ್ಲ ಬಳಿದು ಕಂದು ಮರಿಗೆ ಹಚ್ಚಿದರು. ಮೇಕೆ ನೆಕ್ಕಲಿ ಅಂತ ಮೇಲೆ ಅಮ್ಮ ಉಪ್ಪು ಸವರಿದಳು. ಮೇಕೆ ಮೂಸಿತು. ಕೊಂಬಿನಿಂದ ಒಮ್ಮೆ ದೂಡಿತು. ಮತ್ತೆ ಮೂಸಿತು. ಆಮೇಲೆ ನಾಲಿಗೆ ಚಾಚಿತು. ಸಂಜೆಯ ಸೈರನ್ ಕೂಗಿದ್ದು ಆಗಲೇ. ಅವತ್ತು ಮಾತ್ರ ನಮ್ಮ ಮೇಕೆ ಕತ್ತೆತ್ತಲಿಲ್ಲ. ನೆಕ್ಕುತ್ತಲೇ ಇತ್ತು.

"ನೋಡೇ, ನಂಬಿಬಿಟ್ಟಳು! ಪೆದ್ದಿ!" ಅಂತ ಅಕ್ಕ ನಕ್ಕಳು. ನಗುತ್ತ ನಗುತ್ತ ಅಳತೊಡಗಿದಳು.

ಖಾಲಾ ಅವಳ ಬೆನ್ನು ಸವರಿದಳು. "ಪೆದ್ದಿ ಅಲ್ಲ ಬೇಟಿ. ನೆಕ್ಕುತ್ತಾ ನೆಕ್ಕುತ್ತಾ ತನ್ನದೇ ಆಗತ್ತೆ."

ರಜೆ ಮುಗಿಯುವ ಮುಂಚೆ ಭಾವ ಬಂದರು. ಜಗುಲಿಯ ತುದಿಯಲ್ಲಿ ಕೂತು, ತಮ್ಮ ತಾಯಿ ಇನ್ನೊಂದು ಹೆಣ್ಣು ನೋಡಿದ್ದಾರೆ ಅಂದರು. ಅಕ್ಕನನ್ನು ಬಿಡುವುದಿಲ್ಲವಂತೆ. ಅಕ್ಕನೂ ಅಲ್ಲೇ ಬಂದು ಇರಬಹುದಂತೆ. ಅಷ್ಟಾದರೂ ಹೇಳಿದರಲ್ಲ ಅಂತ ನಾವು ಥ್ಯಾಂಕ್ಸ್ ಹೇಳಬೇಕಿತ್ತೋ ಏನೋ.

"ಸವತಿ ಮಗೂನ ಎತ್ತಿ ಆಡಿಸೋಕೆ ಹೋಗ್ತೀಯಾ? ಇಲ್ಲೇ ಇರೇ ಮಾರಾಯ್ತಿ" ಅಮ್ಮ ಬೇಡಿಕೊಂಡಳು.

"ಮೇಕೆಗೆ ಆಗಿದ್ದು ನನಗೆ ಆಗಲ್ವೇನಮ್ಮ?" ಅಂದಳು ಅಕ್ಕ. ಹೊರಟೇಬಿಟ್ಟಳು.

ಆಮೇಲೆ ನಾನು ಅವಳನ್ನು ನೋಡಿದ್ದು ಒಂದೇ ಸಲ, ಎರಡು ವರ್ಷದ ಮೇಲೆ. ಅದಾದ ಮಳೆಗಾಲದಲ್ಲಿ ಟೈಫಾಯ್ಡ್ ಅವಳನ್ನು ಕೊಂಡೊಯ್ದಿತು. ನಾನು ಅವಳನ್ನು ನೋಡಿದ್ದು ಕಾನ್ವೆಂಟಿನ ಒಂದು ವಿಸಿಟರ್ಸ್ ಸಂಡೇ ದಿನ. ಪಾರ್ಲರಿಗೆ ಓಡಿ ಬಂದರೆ ಬೆತ್ತದ ಕುರ್ಚಿಯಲ್ಲಿ ಅಕ್ಕ, ತೊಡೆ ಮೇಲೆ ಕಾಲು ಬಡಿಯುವ ಗುಂಡು ಮಗು. ಅದರ ತಾಯಿ ಒಳಗೆ ಬರಲು ನಾಚಿ ಗೇಟಿನ ಹತ್ತಿರವೇ ನಿಂತಿದ್ದಳು, ನನಗಿಂತ ಸ್ವಲ್ಪ ದೊಡ್ಡವಳಷ್ಟೆ.

"ಇವನಿಗೆ ಸ್ನಾನ ನಾನೇ ಮಾಡಿಸೋದು. ರಾತ್ರಿ ನನ್ನ ಪಕ್ಕಾನೇ ಮಲಗೋದು" ಅಂದಳು ಅಕ್ಕ. ಮಗು ಅವಳ ಕುತ್ತಿಗೆಯಿಂದ ಮುಖ ತಿರುಗಿಸಿ ಗೇಟಿನ ಕಡೆ ಕೈ ಚಾಚಿ ಕಿರುಚಿತು. ತಟ್ಟಿದಳು, ಎದ್ದು ಓಡಾಡಿಸಿದಳು, ಕಿಟಕಿಯ ಕಾಗೆ ತೋರಿಸಿದಳು. ನಿಲ್ಲಲಿಲ್ಲ. ಹೋಗಿ ಕೊಟ್ಟು ಬಂದಳು. ಆ ಹುಡುಗಿಯ ಹೆಗಲಿಗೆ ತಾಗಿದ್ದೇ ತಡ, ಗಪ್‌ಚಿಪ್.

"ಖಾಲಾಗೆ ಹೇಳು," ಅಂದಳು ಅಕ್ಕ, ಸೀರೆ ಸರಿಮಾಡಿಕೊಳ್ಳುತ್ತ. "ಮನುಷ್ಯರ ಮರಿಗೆ ಉಪ್ಪು ಸಾಲಲ್ಲ ಅಂತ."

ನಾನು ಡಾರ್ಮಿಟರಿಗೆ ಓಡಿ, ಟ್ರಂಕಿನಿಂದ ಬಾನೆಟ್ ತಂದು ಅವಳ ಕೈಗಿಟ್ಟೆ. "ಪಾಪುಗೆ."

ಅವಳು ಅದನ್ನು ಮುಷ್ಟಿಯ ಮೇಲೆ ತೊಡಿಸಿ ನೋಡಿದಳು. ಮುಷ್ಟಿಯಷ್ಟೇ ಇತ್ತು ಅದು.

"ಇವನಿಗೆ ಚಿಕ್ಕದಾಯಿತಲ್ಲೇ" ಅಂದಳು. ಆಮೇಲೆ ನನ್ನ ಮುಖ ನೋಡಿದಳು. ಯಾರಿಗೆ ಹೆಣೆದದ್ದು ಅಂತ ಕೇಳಲಿಲ್ಲ.

ಬೆಲ್ ಹೊಡೆಯಿತು. ಅಕ್ಕ ಬಾನೆಟ್ಟನ್ನು ಮಡಚಿ ರವಿಕೆಯೊಳಗೆ ಸೇರಿಸಿಕೊಂಡು, ಮೆಟ್ಟಿಲಿಳಿದು, ಮಗು ಎತ್ತಿಕೊಂಡಿದ್ದವಳ ಹಿಂದೆ ಹಿಂದೆ ನಡೆದುಹೋದಳು. ಒಂದು ಕೈ ಎದೆಯ ಮೇಲೇ ಇತ್ತು.