ಆವಾಜ್ ಬೇಕಿಲ್ಲದ ಕರೆ

“ಮೇಡಂ, ಚಿತ್ರ ಬಂದದ, ಆದ್ರ ಆವಾಜ್ ಬರಾಕತ್ತಿಲ್ಲಲ್ರಿ. ಮತ್ತೊಮ್ಮೆ ನೋಡ್ಲೇನ್ರಿ?” ಫೋನಿನಲ್ಲಿ ನಮ್ಮ ಆಫೀಸಿನ ಕಂಪ್ಯೂಟರ್ ಎಂಜಿನಿಯರ್ ಕೇಳಿದರು.

“ಬ್ಯಾಡ್ರಿ ಸರ್. ನಮ್ಮಕ್ಕಗ ಕಿವಿ ಕೇಳಂಗಿಲ್ಲ, ಮಾತೂ ಬರಂಗಿಲ್ಲ. ನಾವು ಕೈಲೇ ಮಾತಾಡ್ತೀವ್ರಿ” ಎಂದೆ.

ನಾನು ಹುಮನಾಬಾದಿನ ಮನೆಯಿಂದಲೇ ಕಲಬುರಗಿಯ ಆಫೀಸಿನ ಕೆಲಸ ಮಾಡುತ್ತೇನೆ. ಹಿಂದಿನ ದಿನವಷ್ಟೇ ಬಸವಕಲ್ಯಾಣದಲ್ಲಿ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತ್ತು. ನನಗೆ ರಜೆ ಸಿಕ್ಕಿರಲಿಲ್ಲ. ಮೊಬೈಲಿನ ಪರದೆ ಒಡೆದಿದ್ದರಿಂದ ಕಂಪ್ಯೂಟರಿನಲ್ಲೇ ಅಕ್ಕನನ್ನು ನೋಡಬೇಕಿತ್ತು. ಆದರೆ ಕೆಲಸಕ್ಕೆಂದು ಕಂಪ್ಯೂಟರನ್ನು ಆಫೀಸಿನ ಜಾಲಕ್ಕೆ ಸೇರಿಸುವ ವಿಪಿಎನ್ ಜೋಡಿಸಿದ ಕೂಡಲೇ ವಿಡಿಯೊ ಕರೆ ಕಡಿದುಹೋಗುತ್ತಿತ್ತು, ಅಕ್ಕ ಗಾಬರಿಯಾಗುತ್ತಿದ್ದಳು. ಎಂಜಿನಿಯರ್ ನಮ್ಮ ಮ್ಯಾನೇಜರರ ಒಪ್ಪಿಗೆ ಪಡೆದು, ಕಲಬುರಗಿಯಿಂದಲೇ ನನ್ನ ಕಂಪ್ಯೂಟರ್ ತೆರೆದು, ಆಫೀಸಿನ ಕೆಲಸವಷ್ಟೇ ವಿಪಿಎನ್ ಮೂಲಕ ಹೋಗಿ ಉಳಿದದ್ದೆಲ್ಲ ಮನೆಯ ಇಂಟರ್‌ನೆಟ್‌ನಲ್ಲಿ ನೇರವಾಗಿ ಹೋಗುವಂತೆ ಸೆಟ್ಟಿಂಗ್ ಬದಲಿಸಿದ್ದರು. ಈಗ ಕೆಲಸವೂ ಕರೆಯೂ ಒಟ್ಟಿಗೆ ನಡೆಯುತ್ತಿದ್ದವು; ನನ್ನ ಪರದೆ ಅವರಿಗೂ ಕಾಣುತ್ತಿತ್ತು.

ಅಕ್ಕ ಮಗುವನ್ನು ಎತ್ತಿ ತೋರಿಸಿದಳು. ನನಗೆ ಕಣ್ಣು ತುಂಬಿ ಬಂತು.

“ಕೂಸು ಭಾಳ ಚಂದ ಅದ ಅಂತ ಕೈಲೇ ಹ್ಯಾಂಗ ಹೇಳ್ತಾರ್ರಿ?” ಎಂಜಿನಿಯರ್ ಮೆಲ್ಲಗೆ ಕೇಳಿದರು.

ಅವರ ಪರವಾಗಿ ನಾನೇ ಕೈಯಾಡಿಸಿ ಹೇಳಿದೆ. ಯಾರ ಮಾತಿದು ಎಂದು ಅಕ್ಕ ಹುಬ್ಬೇರಿಸಿದಳು. ನನಗೆ ನಿನ್ನ ಮುಖ ಕಾಣಿಸಿಕೊಟ್ಟ ಆಫೀಸಿನ ಅಣ್ಣನದು ಎಂದೆ. ಅವಳು ಮಗುವಿನ ಪುಟ್ಟ ಕೈಯನ್ನು ಹಿಡಿದು ಹಣೆಗೆ ಮುಟ್ಟಿಸಿ ನಮಸ್ಕಾರ ಮಾಡಿಸಿದಳು.

“ಕಂಡಿತ್ರಿ” ಎಂದರು ಅವರು.

ಅಕ್ಕನಿಗೆ ಹೇಳಬೇಕಾದ್ದನ್ನು ಎಲ್ಲರೂ ನನಗೆ ಹೇಳಿ ಹೋಗುತ್ತಾರೆ. ಅವಳ ಭಾಷೆಯಲ್ಲಿ ಅದನ್ನು ಹೇಗೆ ಹೇಳುವುದು ಎಂದು ಕೇಳಿದ ಹೊರಗಿನವರು ಅವರೊಬ್ಬರೇ. ಅವರ ಮುಖ ನಾನಿನ್ನೂ ನೋಡಿಲ್ಲ.